ಮಾಲ್ಡೀವ್ಸ್: ಮಕ್ಕಳಿದ್ದರೆ ಥೀಮ್ ರೆಸಾರ್ಟೋ, ಮಾಫುಶಿಯ ಗೆಸ್ಟ್‌ಹೌಸೋ?

ಮಕ್ಕಳನ್ನು ಕರೆದುಕೊಂಡು ಮಾಲ್ಡೀವ್ಸ್‌ಗೆ ಹೊರಡುವವರು ಮೊದಲು ಕೋಣೆಯ ಬಾಡಿಗೆಯನ್ನು ಹೋಲಿಸಿ ನೋಡುತ್ತಾರೆ. ಆದರೆ ಅಲ್ಲಿ ಲೆಕ್ಕ ತಪ್ಪುವುದು ಕೋಣೆಯ ಬಾಡಿಗೆಯಲ್ಲಲ್ಲ. ದೋಣಿ, ತೆರಿಗೆ ಮತ್ತು ಊಟದಲ್ಲಿ. ಈ ಮೂರೂ ತಲೆ ಎಣಿಸಿ ವಸೂಲಾಗುವಂಥವು. ನಾನು, ನನ್ನ ಹೆಂಡತಿ, ಅತ್ತೆಯವರು ಮತ್ತು ಇಬ್ಬರು ಮಕ್ಕಳು, ಹೀಗೆ ಐದು ಜನ ಒಂದೇ ಪ್ರವಾಸದಲ್ಲಿ ಎರಡೂ ಬಗೆಯ ವಸತಿಗಳಲ್ಲಿ ಇದ್ದು ಬಂದೆವು. ಮೊದಲು ಮಕ್ಕಳಿಗೆಂದೇ ನೀರಿನ ಜಾರುಬಂಡಿ, ಆಟದ ಮನೆ ಮತ್ತು ದಿನಕ್ಕೊಂದು ವೇಷದ ಸಂಜೆಕೂಟಗಳನ್ನು ಇಟ್ಟುಕೊಂಡ ಒಂದು ಥೀಮ್ ರೆಸಾರ್ಟಿನಲ್ಲಿ, ಅನಂತರ ಮಾಫುಶಿ ಎಂಬ ಊರಿನ ಗೆಸ್ಟ್‌ಹೌಸಿನಲ್ಲಿ. ರೆಸಾರ್ಟಿನಿಂದ ಹೊರಡುವ ಬೆಳಿಗ್ಗೆ ಕೈಗೆ ಬಂದ ಬಿಲ್ಲು, ಬೆಂಗಳೂರಿನ ಏಜೆಂಟರು ‘ಎಲ್ಲ ಸೇರಿ’ ಎಂದು ಹೇಳಿದ್ದ ಮೊತ್ತದ ಒಂದೂವರೆ ಪಟ್ಟಿಗೆ ಹತ್ತಿರವಿತ್ತು. ಅದು ಹೇಗೆ ಬೆಳೆಯಿತು ಎಂಬುದು ನಿಮಗೆ ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಾಲ್ಡೀವ್ಸ್‌ನಲ್ಲಿ 1972ರಲ್ಲಿ ಪ್ರವಾಸೋದ್ಯಮ ಆರಂಭವಾದಾಗಿನಿಂದ ಬೆಳೆದುಬಂದ ರೂಢಿಯೆಂದರೆ ಒಂದು ದ್ವೀಪಕ್ಕೆ ಒಂದು ರೆಸಾರ್ಟ್. ದ್ವೀಪದಲ್ಲಿ ಬೇರೆ ಊರಿಲ್ಲ, ಅಂಗಡಿಯಿಲ್ಲ, ಹೋಟೆಲಿಲ್ಲ. ಮಗುವಿಗೆ ರಾತ್ರಿ ಹತ್ತಕ್ಕೆ ಒಂದು ಬಿಸ್ಕತ್ತಿನ ಪೊಟ್ಟಣ ಬೇಕಾದರೂ ಅವರಲ್ಲೇ, ಅವರು ಹೇಳಿದ ಬೆಲೆಗೇ ಕೊಳ್ಳಬೇಕು. ಊಟದ ಪಟ್ಟಿಯಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತುಗಳಿರುತ್ತವೆ. ಅವುಗಳಲ್ಲಿ ಒಂದು ಶೇಕಡಾ 10ರ ಸೇವಾಶುಲ್ಕಕ್ಕೆ, ಇನ್ನೊಂದು ಪ್ರವಾಸೋದ್ಯಮದ ಜಿಎಸ್‌ಟಿಗೆ. ಈ ತೆರಿಗೆ 2025ರ ಜುಲೈ ಒಂದರಿಂದ ಶೇಕಡಾ 17ಕ್ಕೆ ಏರಿದೆ, ಮತ್ತು ಅದನ್ನು ಸೇವಾಶುಲ್ಕ ಕೂಡಿಸಿದ ಮೇಲೆ ಹಾಕುತ್ತಾರೆ. ಪಟ್ಟಿಯಲ್ಲಿ 100 ಡಾಲರ್ ಎಂದು ಓದಿದ್ದು ಬಿಲ್ಲಿನಲ್ಲಿ 128 ಡಾಲರ್ 70 ಸೆಂಟ್ ಆಗುವುದು ಹೀಗೆ.

ಇದರ ಮೇಲೆ ಹಸಿರು ತೆರಿಗೆಯಿದೆ. ರೆಸಾರ್ಟುಗಳಲ್ಲಿ ಇದು 2025ರ ಜನವರಿಯಿಂದ ಒಬ್ಬರಿಗೆ ದಿನಕ್ಕೆ 12 ಡಾಲರ್. ಎರಡು ವರ್ಷದೊಳಗಿನ ಮಗುವಿಗೆ ಮಾತ್ರ ವಿನಾಯಿತಿ. ‘ಮಕ್ಕಳಿಗೆ ವಾಸ ಉಚಿತ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಮಕ್ಕಳ ಹಸಿರು ತೆರಿಗೆ ಉಚಿತವಲ್ಲ, ಅವರ ದೋಣಿಯೂ ಉಚಿತವಲ್ಲ. ನಮ್ಮ ಐವರಿಗೆ ದಿನಕ್ಕೆ 60 ಡಾಲರ್ ಈ ಒಂದು ಬಾಬತ್ತಿಗೇ ಹೋಯಿತು. ಊರುಗಳಿರುವ ದ್ವೀಪಗಳಲ್ಲಿ 50 ಕೋಣೆಗಳನ್ನು ಮೀರದ ಗೆಸ್ಟ್‌ಹೌಸುಗಳಿಗೆ ಇದೇ ತೆರಿಗೆ ಒಬ್ಬರಿಗೆ 6 ಡಾಲರ್. ಮಾಫುಶಿಯಲ್ಲಿ ಈಗ ದೊಡ್ಡ ಹೋಟೆಲುಗಳೂ ಎದ್ದಿರುವುದರಿಂದ, ಕಾಯ್ದಿರಿಸುವ ಮುನ್ನ ಒಟ್ಟು ಎಷ್ಟು ಕೋಣೆಗಳಿವೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಆದರೆ ನನಗೆ ಎಲ್ಲಕ್ಕಿಂತ ಬೇಸರ ತರಿಸಿದ್ದು ದೋಣಿ. ರೆಸಾರ್ಟಿನ ಸ್ಪೀಡ್‌ಬೋಟಿಗೆ ಹೋಗಿಬರಲು ದೊಡ್ಡವರಿಗೆ ತಲಾ 150 ಡಾಲರ್, ಮಕ್ಕಳಿಗೆ ಅದರ ಅರ್ಧ, ಒಟ್ಟು 600 ಡಾಲರ್ ತೆತ್ತಿದ್ದೆವು. ಇಷ್ಟು ಕೊಟ್ಟ ಮೇಲೆ ವಿಮಾನ ಇಳಿದೊಡನೆ ದೋಣಿ ಹೊರಡುತ್ತದೆ ಎಂದು ಯಾರಾದರೂ ತಿಳಿಯುತ್ತಾರೆ. ಹಾಗಾಗಲಿಲ್ಲ. ವೇಲಾನಾ ವಿಮಾನ ನಿಲ್ದಾಣದಿಂದ ಹೊರಬಂದರೆ ಎದುರಿಗೇ ರೆಸಾರ್ಟುಗಳ ಕೌಂಟರುಗಳ ಸಾಲು, ಅದರಾಚೆ ಹತ್ತು ಹೆಜ್ಜೆಗೆ ಕಡಲು. ಅಲ್ಲಿ ನಮ್ಮ ಹೆಸರಿಗೆ ಗುರುತು ಹಾಕಿಕೊಂಡ ಯುವಕ, ಇನ್ನೊಂದು ವಿಮಾನದವರು ಬರಬೇಕು, ಸ್ವಲ್ಪ ಕಾಯಿರಿ ಎಂದ. ಆ ವಿಮಾನ ತಡವಾಯಿತು. ಅದರ ನಂತರದ ವಿಮಾನದವರೂ ಸೇರಲಿ ಎಂದಾಯಿತು. ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಮಕ್ಕಳು ಸೂಟ್‌ಕೇಸಿನ ಮೇಲೆ ಕುಳಿತು ತೂಕಡಿಸಿದರು. ಮಂಡಿನೋವಿನ ಅತ್ತೆಯವರು ಒಂದು ಕಂಬಕ್ಕೆ ಒರಗಿಕೊಂಡೇ ಇದ್ದರು. ಆ ಹೊತ್ತಿನಲ್ಲಿ ಒಂದು ಲೋಟ ನೀರು ಬೇಕೇ ಎಂದೂ ಯಾರೂ ಕೇಳಲಿಲ್ಲ. ದೋಣಿ ಹತ್ತಿದ ಮೇಲೆ ತಣ್ಣನೆಯ ಟವೆಲ್ಲು ಕೊಟ್ಟು ನಗುನಗುತ್ತಾ ಸ್ವಾಗತಿಸಿದ ಮಾತ್ರಕ್ಕೆ ಆ ಕಾಯುವಿಕೆ ಮರೆತುಹೋಗುವುದಿಲ್ಲ. ನೀವು ರೆಸಾರ್ಟನ್ನೇ ಆರಿಸಿಕೊಳ್ಳುವುದಾದರೆ, ನಿಮ್ಮ ವಿಮಾನದ ಸಮಯ ತಿಳಿಸಿ, ಗರಿಷ್ಠ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.

ದೂರದ ಹವಳದ್ವೀಪಗಳ ರೆಸಾರ್ಟಾದರೆ ಸೀಪ್ಲೇನ್ ಹತ್ತಬೇಕು. ಅದಕ್ಕೆ ಸಾಮಾನ್ಯವಾಗಿ ತಲೆಗೆ 400 ಡಾಲರಿಗೂ ಮೇಲಾಗುತ್ತದೆ, ಮತ್ತು ಅದು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ಮಧ್ಯಾಹ್ನ ಕಳೆದ ಮೇಲೆ ರಾಜಧಾನಿ ಮಾಲೆಗೆ ಇಳಿಯುವ ವಿಮಾನದ ಟಿಕೆಟ್ಟು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ. ಉಳಿಸಿದ ಹಣ ಆ ರಾತ್ರಿಯ ಹೋಟೆಲಿಗೆ ಹೋಗುತ್ತದೆ.

ರೆಸಾರ್ಟಿನ ಒಳಗಿನ ದಿನಗಳ ಬಗ್ಗೆ ಹೆಚ್ಚು ಹೇಳಲು ನನ್ನಲ್ಲಿಲ್ಲ. ಕಡಲು ತಿಳಿಯಾಗಿತ್ತು, ಕೋಣೆ ಚೊಕ್ಕಟವಾಗಿತ್ತು, ಜಾರುಬಂಡಿಯನ್ನು ಕಿರಿಯವಳು ಬಿಟ್ಟು ಬರಲೊಲ್ಲಳು. ಹಿರಿಯವನಿಗೆ ಎರಡನೆಯ ದಿನಕ್ಕೇ ಬೇಸರವಾಯಿತು, ಏಕೆಂದರೆ ಮಕ್ಕಳ ಕ್ಲಬ್ಬಿನಲ್ಲಿ ಬಣ್ಣ ಹಚ್ಚುವುದು, ಕಿರೀಟ ಕತ್ತರಿಸುವುದು ಮುಂತಾದವು ಆರೇಳು ವರ್ಷದವರಿಗೆ ಹೇಳಿಮಾಡಿಸಿದ ಆಟಗಳು, ಹನ್ನೊಂದರ ಹುಡುಗನಿಗಲ್ಲ. ಥೀಮ್ ರೆಸಾರ್ಟು ನಾಲ್ಕರಿಂದ ಎಂಟು ವಯಸ್ಸಿನ ಮಕ್ಕಳಿರುವವರಿಗೆ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಕ್ರಿಸ್‌ಮಸ್ ರಜೆಯಲ್ಲಿ ಹೋಗುವವರು ಇನ್ನೊಂದನ್ನು ಗಮನಿಸಬೇಕು: ಡಿಸೆಂಬರ್ 24 ಮತ್ತು 31ರ ರಾತ್ರಿಗಳ ವಿಶೇಷ ಭೋಜನವನ್ನು ಬಹಳಷ್ಟು ರೆಸಾರ್ಟುಗಳು ಕಡ್ಡಾಯ ಮಾಡಿರುತ್ತವೆ, ಅದರ ಹಣ ಬೇರೆ. ನಮ್ಮ ದಸರಾ ರಜೆಯಲ್ಲಿ ದರಗಳು ಇಳಿದಿರುತ್ತವೆ. ಆದರೆ ಅದು ನೈಋತ್ಯ ಮುಂಗಾರು ಮುಗಿಯುವ ಸಮಯವಾದ್ದರಿಂದ ಮಳೆಗೂ ಅಲೆಗೂ ಸಿದ್ಧರಿರಬೇಕು.

ಮಾಫುಶಿ ಮಾಲೆಯಿಂದ ದಕ್ಷಿಣಕ್ಕೆ, ಸ್ಪೀಡ್‌ಬೋಟಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ನಾವು ತಲೆಗೆ 25 ಡಾಲರ್ ಕೊಟ್ಟೆವು. ದೋಣಿ ಹೇಳಿದ ಹೊತ್ತಿಗೆ ಹೊರಟಿತು. ಸಾರ್ವಜನಿಕ ಫೆರಿಯೂ ಇದೆ, ಒಂದೂವರೆ ಗಂಟೆ ಹಿಡಿಯುತ್ತದೆ, ದರ ಕೆಲವೇ ಡಾಲರ್. ಆದರೆ ಅದು ವಿಮಾನ ನಿಲ್ದಾಣದಿಂದಲ್ಲ, ಮಾಲೆ ನಗರದಿಂದ ಹೊರಡುತ್ತದೆ ಮತ್ತು ಶುಕ್ರವಾರ ಇರುವುದಿಲ್ಲ. ಸಾಮಾನು ಮತ್ತು ಮಕ್ಕಳಿರುವವರಿಗೆ ಸ್ಪೀಡ್‌ಬೋಟೇ ಸರಿ. ಊರುಗಳಿರುವ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ನಡೆಸಲು ಸರ್ಕಾರ ಅನುಮತಿ ಕೊಟ್ಟು ಬಹಳ ಕಾಲವೇನೂ ಆಗಿಲ್ಲ. ಅನುಮತಿ ಬಂದ ಮೊದಲ ವರ್ಷಗಳಲ್ಲೇ, 2010ರ ಸುಮಾರಿಗೆ, ಇದಕ್ಕೆ ಕೈಹಾಕಿದ ಊರುಗಳಲ್ಲಿ ಮಾಫುಶಿ ಒಂದು. ಹಾಗಾಗಿ ಇಲ್ಲಿ ಪೈಪೋಟಿಯಿದೆ, ಪೈಪೋಟಿಯಿಂದ ದರ ಹತೋಟಿಯಲ್ಲಿದೆ. ನಮಗೆ ಎರಡು ಕೋಣೆಗಳು ಸೇರಿ ಸಿಕ್ಕ ದರ ರೆಸಾರ್ಟಿನ ಒಂದು ಕೋಣೆಯ ದರದ ಕಾಲುಭಾಗವೂ ಆಗಲಿಲ್ಲ.

ಊರು ಸುಂದರವಾಗಿದೆ ಎಂದು ನಾನು ಹೇಳುವುದಿಲ್ಲ. ಕಟ್ಟಡಗಳು ಒತ್ತೊತ್ತಾಗಿವೆ, ಪಕ್ಕದಲ್ಲೇ ಇನ್ನೊಂದು ಮಹಡಿ ಏರುತ್ತಿರುವ ಸದ್ದು ಬೆಳಿಗ್ಗೆಯಿಂದ ಕೇಳುತ್ತದೆ, ನಸುಕಿನಲ್ಲಿ ಮಸೀದಿಯ ಆಜಾನ್ ಎಬ್ಬಿಸುತ್ತದೆ. ಪ್ರವಾಸಿಗಳಿಗೆಂದು ಮರೆಕಟ್ಟಿದ ಈಜುತೀರ ಚಿಕ್ಕದು, ಸಂಜೆ ತುಂಬಿರುತ್ತದೆ. ಜನಸಂದಣಿ ನನಗೆ ತೊಂದರೆಯೆನಿಸುವುದಿಲ್ಲ, ಮಕ್ಕಳಿಗಂತೂ ಅದೇ ಇಷ್ಟವಾಯಿತು: ಸಂಜೆ ಊರಿನ ಹುಡುಗರೊಂದಿಗೆ ಹಿರಿಯವನು ಫುಟ್‌ಬಾಲ್ ಆಡಿದ. ಏಕಾಂತ ಬೇಕೆನ್ನುವವರು ಮಾಫುಶಿಗೆ ಬರಬಾರದು. ಇದು ಮುಸ್ಲಿಂ ದೇಶದ ಊರು. ಇಲ್ಲಿ ಮದ್ಯವಿಲ್ಲ, ಮತ್ತು ಆ ಮರೆಕಟ್ಟಿದ ತೀರದ ಹೊರಗೆ ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ತೊಟ್ಟಿರಬೇಕು. ಚೂಡಿದಾರ, ಟೀ ಶರ್ಟು ಹಾಕಿಕೊಂಡೇ ನೀರಿಗಿಳಿಯುವ ನಮ್ಮ ಕುಟುಂಬಗಳಿಗೆ ಇದೊಂದು ನಿರ್ಬಂಧ ಎನಿಸುವುದೇ ಇಲ್ಲ.

ಊಟದ ಬಗ್ಗೆ ವಿವರವಾಗಿ ಹೇಳಲೇಬೇಕು. ಗೆಸ್ಟ್‌ಹೌಸಿನ ಹಿಂದಿನ ಓಣಿಯಲ್ಲಿ, ದೋಣಿ ನಡೆಸುವವರು ಮತ್ತು ಗಾರೆ ಕೆಲಸದವರು ಬರುವ ಒಂದು ಚಹಾದಂಗಡಿಯಿದೆ. ಫಲಕವಿಲ್ಲ, ನಾಲ್ಕು ಮೇಜು, ಪ್ಲಾಸ್ಟಿಕ್ ಕುರ್ಚಿ. ಬೆಳಿಗ್ಗೆ ಅಲ್ಲಿ ಮಸ್ ಹುನಿ ಮತ್ತು ರೋಶಿ ಸಿಗುತ್ತದೆ. ರೋಶಿ ಎಂದರೆ ನಮ್ಮ ಚಪಾತಿಯೇ, ಸ್ವಲ್ಪ ತೆಳು. ಮಸ್ ಹುನಿಯನ್ನು ಅಡುಗೆಯಾತ ನಮ್ಮ ಕಣ್ಣೆದುರೇ ಕಲಸಿದ: ಸಣ್ಣಗೆ ಹೆಚ್ಚಿದ ಈರುಳ್ಳಿ ಮತ್ತು ಹಸಿಮೆಣಸಿಗೆ ಉಪ್ಪು, ನಿಂಬೆರಸ ಹಾಕಿ ಬೆರಳಿನಿಂದ ಕಿವುಚಿ, ಈರುಳ್ಳಿ ನೀರು ಬಿಟ್ಟ ಮೇಲೆ ಹೊಗೆಯಲ್ಲಿ ಒಣಗಿಸಿದ ಟ್ಯೂನಾದ ಎಳೆಗಳನ್ನು ಹಾಕಿ, ಕೊನೆಗೆ ಆಗತಾನೇ ತುರಿದ ತೆಂಗಿನಕಾಯಿಯನ್ನು ಒಂದು ಹಿಡಿ ಸೇರಿಸಿ ಹಗುರವಾಗಿ ತಿರುವಿದ. ಒಲೆಯ ಕೆಲಸವೇ ಇಲ್ಲ. ಮಂಗಳೂರಿನ ಕಡೆಯವರಿಗೆ ಮನೆಯ ಒಣಮೀನಿನ ಚಟ್ನಿ ನೆನಪಾಗುವಂಥ ರುಚಿ, ಆದರೆ ಅದಕ್ಕಿಂತ ಹಸಿ, ಹೆಚ್ಚು ಹುಳಿ. ಬಿಸಿ ರೋಶಿಯಲ್ಲಿ ಸುತ್ತಿಕೊಂಡು, ಸಿಹಿ ಹೆಚ್ಚಾದ ಕರಿ ಚಹಾದೊಂದಿಗೆ ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಐವರ ತಿಂಡಿಗೆ 200 ರುಫಿಯಾ ಆಯಿತು, ಅಂದರೆ 13 ಡಾಲರ್. ರೆಸಾರ್ಟಿನಲ್ಲಿ ನಮ್ಮ ಊಟದ ಯೋಜನೆಗೆ ಸೇರದ ರೆಸ್ಟೋರೆಂಟಿನಲ್ಲಿ ಕಿರಿಯವಳ ಒಂದು ತಟ್ಟೆ ಪಾಸ್ತಾಕ್ಕೆ ಇದಕ್ಕಿಂತ ಹೆಚ್ಚು ಕೊಟ್ಟಿದ್ದೆವು. ಸಂಜೆ ಅದೇ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಗುಳಾ, ಬಜಿಯಾ ಮುಂತಾದ ಕರಿದ ತಿಂಡಿಗಳು ಬರುತ್ತವೆ. ನಾಲ್ಕೂವರೆಗೆ ಹೋದರೆ ಬಿಸಿಯಾಗಿ ಸಿಗುತ್ತವೆ, ಆರಕ್ಕೆ ಖಾಲಿ.

ಸಸ್ಯಾಹಾರಿಗಳು ಇಲ್ಲಿ ಎಚ್ಚರದಿಂದಿರಬೇಕು. ನೋಡಲು ಸಮೋಸದಂತಿರುವ ಬಜಿಯಾದ ಒಳಗೂ ಮೀನಿರುತ್ತದೆ, ತರಕಾರಿ ಪಲ್ಯಕ್ಕೂ ಒಣಮೀನಿನ ಪುಡಿ ಬಿದ್ದಿರಬಹುದು. ನಮ್ಮ ಅತ್ತೆಯವರು ಸೋಮವಾರ ಮತ್ತು ಶನಿವಾರ ಮೀನು ಮುಟ್ಟುವುದಿಲ್ಲ. ಸೋಮವಾರ ಬೆಳಿಗ್ಗೆ ಗೆಸ್ಟ್‌ಹೌಸಿನ ಅಡುಗೆಯವನಿಗೆ ಹಿಂದಿಯಲ್ಲಿ ವಿಷಯ ಹೇಳಿದೆವು. ಅವನು ಬಾಂಗ್ಲಾದೇಶದವನು, ಇಲ್ಲಿನ ಹೋಟೆಲುಗಳಲ್ಲಿ ದುಡಿಯುವವರಲ್ಲಿ ಅನೇಕರು ಅಲ್ಲಿಯವರು. ಬೇರೆ ಪಾತ್ರೆಯಲ್ಲಿ ತೆಂಗಿನಹಾಲು ಹಾಕಿ ಸಿಹಿಗುಂಬಳದ ಸಾರು, ಬೇಳೆ, ಅನ್ನ ಮಾಡಿಕೊಟ್ಟು, ‘ಇದರಲ್ಲಿ ಮೀನಿಲ್ಲ ಅಮ್ಮ’ ಎಂದು ಹಿಂದಿಯಲ್ಲೇ ಎರಡು ಸಲ ಹೇಳಿ ಬಡಿಸಿದ. ಪೂರ್ಣ ಸಸ್ಯಾಹಾರಿಗಳಾದರೆ ಕಾಯ್ದಿರಿಸುವಾಗಲೇ ಇದನ್ನು ಮಾತಾಡಿಕೊಳ್ಳಿ, ಚಟ್ನಿಪುಡಿ ಮತ್ತು ಉಪ್ಪಿನಕಾಯಿ ಜತೆಗಿರಲಿ. ರಂಜಾನ್ ತಿಂಗಳಲ್ಲಿ ಊರಿನ ಹೋಟೆಲುಗಳು ಹಗಲು ಮುಚ್ಚಿರುತ್ತವೆ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಅಂಗಡಿಗಳೂ ತೆರೆಯುವುದಿಲ್ಲ.

ಹಿರಿಯರನ್ನು ಕರೆದೊಯ್ಯುವವರಿಗೆ ಒಂದು ಮಾತು. ಪೂಜೆಯ ವಿಗ್ರಹಗಳನ್ನು ಮಾಲ್ಡೀವ್ಸ್‌ಗೆ ಒಯ್ಯುವಂತಿಲ್ಲ. ಮದ್ಯ, ಹಂದಿಮಾಂಸಗಳ ಜತೆಗೆ ಅವೂ ಅಲ್ಲಿನ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿವೆ. ಹೋದಲ್ಲೆಲ್ಲ ಪುಟ್ಟ ಗಣಪತಿಯನ್ನೋ ಕೃಷ್ಣನನ್ನೋ ಚೀಲದಲ್ಲಿಟ್ಟುಕೊಳ್ಳುವ ಅಭ್ಯಾಸ ನಮ್ಮ ಮನೆಗಳ ಹಿರಿಯರಿಗೆ ಇರುವುದರಿಂದ, ಅವರಿಗೆ ಇದನ್ನು ಮನೆಯಲ್ಲೇ ಸಮಾಧಾನವಾಗಿ ತಿಳಿಸಿ. ಸ್ಕ್ಯಾನರಿನ ಮುಂದೆ ಚೀಲ ಬಿಚ್ಚಿಸಿ ಅದನ್ನು ತೆಗೆದಿಡುವ ಸಂದರ್ಭ ಬಂದರೆ ಅವರ ಮನಸ್ಸಿಗೆ ಆಗುವ ನೋವು ಸಣ್ಣದಲ್ಲ. ‘ಇಮುಗಾ’ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣಕ್ಕೆ 96 ಗಂಟೆಯೊಳಗೆ ಒಬ್ಬೊಬ್ಬರದೂ ವಿವರ ತುಂಬಬೇಕು, ಬರುವಾಗಲೂ ಹೋಗುವಾಗಲೂ. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ತಾಣ ನಕಲಿ.

ಜಾರುಬಂಡಿ, ರೆಸಾರ್ಟಿನ ಬಿಳಿಮರಳು ಮಕ್ಕಳಿಗೆ ತಪ್ಪಬಾರದು ಎನ್ನುವವರಿಗೆ ಮಾಫುಶಿಯಲ್ಲೇ ಉಪಾಯವಿದೆ. ಹತ್ತಿರದ ರೆಸಾರ್ಟುಗಳಿಗೆ ಒಂದು ದಿನದ ಪಾಸ್ ಸಿಗುತ್ತದೆ; ದೋಣಿ ಮತ್ತು ಮಧ್ಯಾಹ್ನದ ಊಟ ಸೇರಿರುವ ಪಾಸನ್ನೇ ಕೇಳಿ, ಮಕ್ಕಳ ದರವನ್ನು ಬೇರೆಯಾಗಿ ವಿಚಾರಿಸಿ. ನಮ್ಮಂತೆ ರೆಸಾರ್ಟಿನಲ್ಲಿ ರಾತ್ರಿಗಳನ್ನು ಕಳೆಯುವುದಕ್ಕಿಂತ ಮಾಫುಶಿಯಲ್ಲಿ ಉಳಿದು ಒಂದು ದಿನ ಹೀಗೆ ಹೋಗಿಬರುವುದು ಬಹುಪಾಲು ಕನ್ನಡ ಕುಟುಂಬಗಳಿಗೆ ಒಪ್ಪುತ್ತದೆ ಎಂದು ನಾನು ಖಚಿತವಾಗಿ ಹೇಳಬಲ್ಲೆ. ಸ್ನಾರ್ಕೆಲಿಂಗ್‌ಗೆ ಊರಿನ ದೋಣಿಯವರು ತಲೆಗೆ 30ರಿಂದ 40 ಡಾಲರ್ ಕೇಳುತ್ತಾರೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಹಿಂದಿನ ಸಂಜೆಯೇ ಕಣ್ಣಿಂದ ನೋಡಿ ಒಪ್ಪಿಕೊಳ್ಳಿ, ಮಕ್ಕಳ ಮಾಸ್ಕನ್ನು ನಿಮ್ಮ ಊರಿನಿಂದಲೇ ಒಯ್ಯಿರಿ.

ಬೆಳಗಿನ ವಿಮಾನವಿದ್ದರೆ ಕೊನೆಯ ರಾತ್ರಿ ಮಾಫುಶಿಯಲ್ಲಿರಬೇಡಿ. ಕಡಲು ಕೆರಳಿದ ದಿನ ದೋಣಿ ತಡವಾಗಬಹುದು, ರದ್ದೂ ಆಗಬಹುದು. ಹಿಂದಿನ ಸಂಜೆಯೇ ಹೊರಟು ಹುಲ್ಹುಮಾಲೆಯಲ್ಲಿ ಉಳಿದುಕೊಳ್ಳಿ. ಅದು ವಿಮಾನ ನಿಲ್ದಾಣಕ್ಕೆ ರಸ್ತೆಯಿಂದ ಸೇರಿಕೊಂಡಿದೆ, ಬಸ್ಸೂ ಟ್ಯಾಕ್ಸಿಯೂ ಸಿಗುತ್ತವೆ.