ಗುರುತಿಲ್ಲದವರನ್ನು ಮನೆಗೆ ಸೇರಿಸ್ತೀರಲ್ಲ, ಭಯ ಆಗಲ್ವಾ?

ಈ ಪ್ರಶ್ನೆಯನ್ನು ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ನಾವು ಕಾಕು ಅನ್ನುವವರು, ಕೇಳಿದ್ದಾರೆ, ಮಗಳ ಗೆಳತಿಯರು ಕೇಳಿದ್ದಾರೆ, ಊರಿಂದ ಬಂದ ನನ್ನ ತಮ್ಮನೂ ಕೇಳಿದ್ದಾನೆ. ನಮ್ಮದು ಪುಣೆಯ ಖಡಕಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಹಾಲ್‌ನಲ್ಲಿ ಒಂದು ದಿವಾನ, ಅದರ ಕೆಳಗೆ ಸುತ್ತಿಟ್ಟ ಎರಡು ಗಾದಿ, ನಾಲ್ಕು ಚಾದರ. ಕಲಬುರಗಿ, ಯಾದಗಿರಿ, ಗದಗ ಕಡೆಯಿಂದ ಆಸ್ಪತ್ರೆಗೆ, ಪರೀಕ್ಷೆಗೆ, ಹೊಸ ಕೆಲಸಕ್ಕೆ ಅಂತ ಬಂದ ಎಷ್ಟೋ ಜನ ಆ ಗಾದಿಯ ಮೇಲೆ ಮಲಗಿ ಎದ್ದು ಹೋಗಿದ್ದಾರೆ. ಹೆಚ್ಚಿನವರ ಮುಖವನ್ನು ನಾನು ಮೊದಲು ನೋಡಿದ್ದು ಬಾಗಿಲು ತೆಗೆದಾಗಲೇ.

ಉತ್ತರ ಹೇಳಬೇಕಾದರೆ 1994ರಿಂದ ಶುರು ಮಾಡಬೇಕು. ಮದುವೆಯಾಗಿ ಒಂದು ತಿಂಗಳೂ ಆಗಿರಲಿಲ್ಲ. ಗಂಡನಿಗೆ ಪಿಂಪ್ರಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಪುಣೆಯ ಸ್ವಾರಗೇಟ್‌ನಲ್ಲಿ ಇಳಿದೆವು. ಕೀಲಿ ಕೊಡುತ್ತೇನೆ ಅಂದಿದ್ದ ಮನೆ ಮಾಲೀಕರು ಎರಡು ದಿನದ ಹಿಂದೆಯೇ ಬೇರೆಯವರಿಗೆ ಮನೆ ಕೊಟ್ಟುಬಿಟ್ಟಿದ್ದರು. ಎರಡು ಟ್ರಂಕು, ಒಂದು ಚೀಲ ಜೋಳದ ಹಿಟ್ಟು, ರಸ್ತೆಯಲ್ಲಿ ನಾವಿಬ್ಬರು. ಆಗ ನೆನಪಾಗಿದ್ದು ಬೆಟಗೇರಿಯ ನಮ್ಮ ಚರ್ಚಿನ ಸಭಾಪಾಲಕರು ಬರೆದುಕೊಟ್ಟಿದ್ದ ಚೀಟಿ. ಅದರಲ್ಲಿ ಖಡಕಿಯ ಒಂದು ವಿಳಾಸ, ಕೆಳಗೆ ಒಂದೇ ಸಾಲು: ಇವರು ನಮ್ಮ ಮಕ್ಕಳು.

ಬಾಗಿಲು ತೆಗೆದವರು ಅರವತ್ತು ದಾಟಿದ ಹೆಂಗಸು. ಚೀಟಿಯನ್ನು ಪೂರ್ತಿ ಓದಲೂ ಇಲ್ಲ. "ಮೊದಲ ಕಾಲು ತೊಳಕೋರಿ, ಚಹಾ ಇಡತೀನಿ" ಅಂದರು. ಆ ದಿನವೆಲ್ಲ ನನ್ನನ್ನು ಕೂರಿಸಿ ಬಡಿಸಿದರು. ನಾನು ಮುದುಡಿಕೊಂಡು ಕೂತಿದ್ದೆ. ಒಂದು ಲೋಟ ನೀರು ಕೇಳಲೂ ಸಂಕೋಚ. ಮರುದಿನ ಬೆಳಿಗ್ಗೆ ಆ ಅವ್ವ ಹಿಟ್ಟಿನ ಡಬ್ಬಿಯನ್ನು ನನ್ನ ಮುಂದೆ ಸರಿಸಿ, "ಇವತ್ತಿನಿಂದ ರೊಟ್ಟಿ ನೀ ಬಡಿ. ನನ್ನ ಕೈ ನೋಯತಾವ" ಅಂದರು. ಹಿಟ್ಟಿಗೆ ಕೈ ಹಾಕಿದೆ ನೋಡಿ, ಆ ಮನೆ ನನಗೆ ಪರರ ಮನೆ ಅನಿಸಲೇ ಇಲ್ಲ. ಹನ್ನೊಂದು ದಿನ ಇದ್ದೆವು. ಅವರ ಕೈಗೆ ಅಂಥ ನೋವೇನೂ ಇರಲಿಲ್ಲ ಅಂತ ಬಹಳ ದಿನದ ಮೇಲೆ ಗೊತ್ತಾಯಿತು.

ಬಂದವರಿಗೆ ಹೊಟ್ಟೆ ತುಂಬ ಬಡಿಸಿದರೆ ಅತಿಥಿಸತ್ಕಾರ ಮುಗಿಯಿತು ಅಂತ ನಾನು ತಿಳಿದಿದ್ದೆ. ಅವ್ವ ಕಲಿಸಿದ್ದು ಅದಕ್ಕಿಂತ ದೊಡ್ಡದು. ಬಂದವರ ಕೈಗೆ ಮನೆಯನ್ನೂ ಸ್ವಲ್ಪ ಕೊಡಬೇಕು.

ಭಯದ ಮಾತಿಗೆ ಬರುತ್ತೇನೆ. ಭಯ ಇದೆ. ಒಮ್ಮೆ ಒಬ್ಬ ಹುಡುಗ ಕಪಾಟಿನಲ್ಲಿದ್ದ ಎರಡು ಸಾವಿರ ರೂಪಾಯಿ ತೆಗೆದುಕೊಂಡು ಹೇಳದೆ ಹೋದ. ಬಹಳ ನೊಂದೆವು. ಆದರೆ ಕಣ್ಣು ಮುಚ್ಚಿ ಬಾಗಿಲು ತೆಗೆಯಿರಿ ಅಂತ ನಮ್ಮ ಹಿರಿಯರು ಯಾವತ್ತೂ ಹೇಳಿಲ್ಲ. ಬೈಬಲಿನಲ್ಲಿ, ಯೇಸುವಿನ ಸುವಾರ್ತೆ ಸಾರುತ್ತ ತಿರುಗಿದ ಪೌಲ ರೋಮಾಪುರದ ಕ್ರೈಸ್ತ ಸಭೆಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯ ಶುರುವಾಗುವುದೇ ಫೊಯಿಬೆ ಎಂಬ ಸಹೋದರಿಯನ್ನು ಸೇರಿಸಿಕೊಳ್ಳಿ, ಆಕೆಗೆ ಬೇಕಾದ ಸಹಾಯ ಮಾಡಿ ಎಂಬ ಮಾತಿನಿಂದ. ನಮ್ಮ ಸಭಾಪಾಲಕರ ಚೀಟಿಯೂ ಅಂಥದ್ದೇ. ಈಗ ಆ ಚೀಟಿ ವಾಟ್ಸಾಪ್‌ನಲ್ಲಿ ಬರುತ್ತದೆ, ಅಷ್ಟೆ. ಗೊತ್ತಿದ್ದವರೊಬ್ಬರ ಮಾತಿಲ್ಲದೆ ನಾವು ಯಾರನ್ನೂ ಉಳಿಸಿಕೊಳ್ಳುವುದಿಲ್ಲ. ಚಹಾ, ಊಟ ಮಾತ್ರ ಯಾರಿಗಾದರೂ ಇದೆ.

ಆದಿ ಕ್ರೈಸ್ತ ಸಭೆಯ ಕಾಲದ 'ಡಿಡಾಖೆ' ಎಂಬ ಸಣ್ಣ ಕೈಪಿಡಿ ಇದೆ. ಅದು ಇನ್ನೂ ಬಿಡಿಸಿ ಹೇಳುತ್ತದೆ. ದಾರಿಹೋಕ ಬಂದರೆ ಎರಡು ದಿನ, ತೀರಾ ಬೇಕಾದರೆ ಮೂರು ದಿನ ಇರಲಿ. ಇಲ್ಲೇ ನೆಲೆಸುತ್ತೇನೆ ಅಂದರೆ, ಕಸುಬು ಬಲ್ಲವನಾದರೆ ದುಡಿದು ಉಣ್ಣಲಿ. ಮೊದಲ ಸಲ ಓದಿದಾಗ ಇದೇನು ಇಷ್ಟು ಕಟ್ಟುನಿಟ್ಟು ಅನಿಸಿತ್ತು. ಆಮೇಲೆ ಅವ್ವನ ಹಿಟ್ಟಿನ ಡಬ್ಬಿ ನೆನಪಾಯಿತು. ಪೌಲನೂ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ ಉಳಿದುಕೊಂಡಾಗ ಸುಮ್ನೆ ಕೂರಲಿಲ್ಲ, ಅವರ ಜೊತೆ ಗುಡಾರ ಮಾಡುವ ಕೆಲಸಕ್ಕೆ ಕೂತ.

ಬೈಬಲಿನ ಎಮ್ಮಾಹುವಿನ ದಾರಿಯ ಕಥೆ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಯೇಸು ಶಿಲುಬೆಯಲ್ಲಿ ತೀರಿಕೊಂಡ ಮೇಲೆ, ಅವರ ಇಬ್ಬರು ಶಿಷ್ಯರು ಎಮ್ಮಾಹು ಎಂಬ ಊರಿಗೆ ನಡೆದು ಹೋಗುವಾಗ ಗುರುತಿಲ್ಲದ ಒಬ್ಬರು ಜೊತೆಯಾಗುತ್ತಾರೆ. ಹೊತ್ತಾಯಿತು, ನಮ್ಮ ಜೊತೆ ಇರಿ ಅಂತ ಇವರು ಬಲವಂತ ಮಾಡುತ್ತಾರೆ. ಊಟಕ್ಕೆ ಕೂತಾಗ ರೊಟ್ಟಿ ತೆಗೆದುಕೊಂಡು ಮುರಿದು ಕೊಟ್ಟಿದ್ದು ಮನೆಯವರಲ್ಲ, ಬಂದವರು! ಆಗಲೇ ಇವರ ಕಣ್ಣು ತೆರೆದು, ಅವರು ಯೇಸು ಅಂತ ಗುರುತು ಸಿಕ್ಕಿದ್ದು. ಬಂದವರ ಕೈಗೆ ರೊಟ್ಟಿಯನ್ನೇ ಕೊಡದಿದ್ದರೆ?

ಕೆಲ ವರ್ಷದ ಹಿಂದೆ ಸೇಡಂ ಕಡೆಯ ಒಬ್ಬ ತಾಯಿ ಮಗುವಿನ ಹೃದಯದ ಆಪರೇಷನ್‌ಗೆ ಬಂದು ನಮ್ಮಲ್ಲಿದ್ದರು. ಮೊದಲೆರಡು ದಿನ ಮೂಲೆಯಲ್ಲಿ ಕೂತು ಅತ್ತರು. ಮೂರನೇ ದಿನ ಒಲೆ ಅವರಿಗೇ ಬಿಟ್ಟುಕೊಟ್ಟೆ. ಆ ಸಂಜೆ ನಾನು ಮನೆಗೆ ಬಂದಾಗ ನಮ್ಮ ಕಾಕು ಹಾಲ್‌ನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಕನ್ನಡ ಬಾರದ ಕಾಕುವಿಗೆ, ಮರಾಠಿ ಬಾರದ ಆ ತಾಯಿ ಬಾಗಿಲು ತೆಗೆದು, ಕರೆದು ಕೂರಿಸಿ, ಶೇಂಗಾ ಹಿಂಡಿ ಹಚ್ಚಿದ ಖಡಕ್ ರೊಟ್ಟಿ ಕೊಟ್ಟಿದ್ದರು. ಮನೆಗೆ ಬಂದ ಮೇಲೆ ಆಕೆಯ ಮುಖದಲ್ಲಿ ನಗು ನೋಡಿದ್ದು ಅದೇ ಮೊದಲು.

ಕಲಬುರಗಿಯಿಂದ ಪುಣೆಗೆ ಬರುವ ರೈಲು ದೌಂಡ್ ದಾಟಿದ ಮೇಲೆ ಕೇಡಗಾಂವ್ ಸ್ಟೇಷನ್ ಸಿಗುತ್ತದೆ. ಅಲ್ಲೇ ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಎಂಬ ಆಶ್ರಯಧಾಮ ಇದೆ. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಯಾತ್ರಿಕರು ಬಂದರೆ ಇಲ್ಲ ಅನ್ನದೆ ಉಪಚರಿಸುತ್ತಿದ್ದರು. ಉಪಚರಿಸಿ ಉಪಚರಿಸಿ ಕೈ ಬರಿದಾಗಿ ಮನೆ ಬಿಡಬೇಕಾಯಿತು. ಮುಂದೆ ಬರಗಾಲದಲ್ಲಿ ತಂದೆ, ತಾಯಿ ಇಬ್ಬರೂ ತೀರಿಕೊಂಡರು. 1883ರಲ್ಲಿ ಕ್ರೈಸ್ತರಾದ ರಮಾಬಾಯಿ 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದರು, ಮರುವರ್ಷ ಅದನ್ನು ಪುಣೆಗೆ ತಂದರು. 1896–97ರ ಬರದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವ್‌ನಲ್ಲಿ ಆಶ್ರಯ ಕೊಟ್ಟರು. ಬರೀ ಅನ್ನ ಹಾಕಿ ಕೂರಿಸಲಿಲ್ಲ. ಓದು ಕಲಿಸಿದರು, ನೇಯ್ಗೆ, ಅಚ್ಚುಕೂಟ, ಹೊಲದ ಕೆಲಸ ಕಲಿಸಿದರು. ಅಪ್ಪನ ದೊಡ್ಡ ಮನಸ್ಸನ್ನು ಮಗಳು ಬಿಡಲಿಲ್ಲ. ಅದು ಉಳಿಯುವ ದಾರಿಯನ್ನೂ ಹುಡುಕಿದಳು ಅಂತ ನನಗೆ ಅನಿಸುತ್ತದೆ.

ಕೆಲವರು ಇನ್ನೊಂದು ಮಾತನ್ನು ಮೆಲ್ಲಗೆ ಕೇಳುತ್ತಾರೆ. ಇದೆಲ್ಲ ನಿಮ್ಮ ಧರ್ಮಕ್ಕೆ ಸೇರಿಸೋಕಾ? ಅಲ್ಲ. ಔತಣ ಮಾಡಿದರೆ ತಿರುಗಿ ಕರೆಯುವ ಶಕ್ತಿ ಇದ್ದವರನ್ನು ಕರೆಯಬೇಡ, ತೀರಿಸಲು ಏನೂ ಇಲ್ಲದವರನ್ನು ಕರೆ ಅಂತ ಯೇಸು ಹೇಳಿದ್ದು ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿದೆ. ನನ್ನ ಸಭೆಗೆ ಬರಲಿ ಅಂತ ಅನ್ನ ಹಾಕಿದರೆ ಅದು ಮುಯ್ಯಿ ಕೇಳಿದ ಹಾಗೇ ಅಲ್ವಾ? ರಾತ್ರಿ ನಾವು ಪ್ರಾರ್ಥನೆ ಮಾಡುತ್ತೇವೆ, ಕೂರುವವರು ಕೂರುತ್ತಾರೆ. ಯಾದಗಿರಿಯ ಒಬ್ಬ ಅಜ್ಜ ದಿನಾ ಬೆಳಿಗ್ಗೆ ಅದೇ ಹಾಲ್‌ನಲ್ಲಿ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ನಾವು ಟಿವಿ ಹಚ್ಚುತ್ತಿರಲಿಲ್ಲ.

ಖಡಕಿಯ ಅವ್ವನಿಗೆ ವಯಸ್ಸಾಯಿತು. ಅವರ ಯಜಮಾನರು ತೀರಿಕೊಂಡ ಮೇಲೆ ಕೊನೆಯ ಏಳು ತಿಂಗಳು ನಮ್ಮ ಮನೆಯಲ್ಲೇ ಇದ್ದರು. ನಾನು ಅವರನ್ನು ಮಂಚದಿಂದ ಇಳಿಯಲು ಬಿಡುತ್ತಿರಲಿಲ್ಲ. ಹೊತ್ತು ಹೊತ್ತಿಗೆ ಗಂಜಿ, ಔಷಧಿ ಎಲ್ಲ ಕೈಗೇ. ಎರಡನೇ ವಾರ ಒಂದು ದಿನ ಕೇಳಿದರು: "ಯಾಕವ್ವಾ, ನನಗೇನೂ ಕೆಲಸ ಇಲ್ಲೇನು ಈ ಮನ್ಯಾಗ?" ನನಗೆ ಮಾತೇ ಹೊರಡಲಿಲ್ಲ. ಒಳಗೆ ಹೋಗಿ ಒಂದು ಬಟ್ಟಲು ಬೆಳ್ಳುಳ್ಳಿ ತಂದು ಅವರ ಮಡಿಲಲ್ಲಿಟ್ಟೆ. ಈಗ ಅವರ ಕೈ ನಿಜವಾಗಿಯೂ ನಡುಗುತ್ತಿತ್ತು. ಊಟದ ಹೊತ್ತಿಗೆ ಅಷ್ಟನ್ನೂ ಸುಲಿದಿಟ್ಟಿದ್ದರು.