ಮಾಗಡಿ ಕೆರೆ ಏರಿಯ ಮೇಲೆ ಮಾನೋಪಾಡ್ ಮತ್ತು ಬೈನಾಕ್ಯುಲರ್

ಗದಗದಿಂದ ಲಕ್ಷ್ಮೇಶ್ವರದ ದಾರಿಯಲ್ಲಿ ಸುಮಾರು 26 ಕಿ.ಮೀ. ಹೋದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ನಸುಕಿನಲ್ಲೇ ಹೊರಟು, ಬಿಸಿಲೇರುವ ಮೊದಲೇ ಕೆರೆ ಏರಿ ಮುಟ್ಟಬೇಕು. ನವೆಂಬರ್‌ನಿಂದ ಫೆಬ್ರುವರಿವರೆಗೆ ಇಲ್ಲಿ ಪಟ್ಟೆತಲೆ ಹೆಬ್ಬಾತುಗಳ ಕಾಲ. ಹಿಮಾಲಯ ದಾಟಿ ಬರುವ ಇವು ಸುತ್ತಲಿನ ಹೊಲಗಳಲ್ಲಿ ಮೇದು, ಹಗಲು ನೀರಿನಲ್ಲಿ ತಂಗುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ಪಟ್ಟಿ) ಸೇರಿದ ಈ ಕೆರೆಯ ವಿಸ್ತೀರ್ಣ ಸುಮಾರು 54 ಹೆಕ್ಟೇರ್ ಅಷ್ಟೇ. ಆದರೂ ಹಿಂಡು ದಂಡೆಯಿಂದ ದೂರವೇ ಇರುತ್ತದೆ, ಹತ್ತಿರ ಹೋದರೆ ಎದ್ದುಬಿಡುತ್ತದೆ.

ಮಂಗೋಲಿಯಾದಲ್ಲಿ ಗುರುತಿನ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡದ್ದುಂಟು. ಆ ಪಟ್ಟಿಯ ಅಕ್ಷರ, ಅಂಕಿ ಓದಲು ಸಿಕ್ಕರೆ ಹಕ್ಕಿಯ ಪಯಣವೇ ತಿಳಿಯುತ್ತದೆ. 10×42 (ಹತ್ತು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಹಕ್ಕಿಯನ್ನು ಹಿಗ್ಗಿಸಿದಷ್ಟೇ ಕೈನಡುಕವನ್ನೂ ಹಿಗ್ಗಿಸುತ್ತದೆ. ಅದಕ್ಕೇ ಮಾನೋಪಾಡ್, ಅಂದರೆ ಒಂಟಿಕಾಲಿನ ಆಸರೆ ಕೋಲು ಬೇಕು. ಮೂರು ಕಾಲಿನ ಟ್ರೈಪಾಡ್ ಇನ್ನೂ ಗಟ್ಟಿಯೇನೋ ಹೌದು, ಆದರೆ ಏರಿಯುದ್ದಕ್ಕೂ ನಡೆಯುತ್ತ ಜಾಗ ಬದಲಿಸುವವರಿಗೆ ಅದು ಹೊರೆ.

ಬೈನಾಕ್ಯುಲರ್‌ನ ನಡುಗೀಲಿನ ಮುಂಭಾಗದ ಮುಚ್ಚಳ ತಿರುಗಿಸಿದರೆ ಕಾಲು ಇಂಚಿನ, ತಿರುಪು ಕೂರುವ ಮರೆಯಿರುವ ತೂತು ಕಾಣುತ್ತದೆ. ಎಲ್ಲ ಮಾದರಿಗಳಲ್ಲೂ ಇದು ಇರುವುದಿಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಿ. ಕೋಲಿಗೆ ಜೋಡಿಸುವ ಎಲ್ ಆಕಾರದ ಅಡಾಪ್ಟರನ್ನು ಅದಕ್ಕೆ ಬೆರಳಿನ ಬಲದಿಂದಷ್ಟೇ ಬಿಗಿಯಿರಿ. ಇಕ್ಕಳ ಹಾಕಿದರೆ ಮರೆ ಹಾಳಾಗುತ್ತದೆ. ಅಡಾಪ್ಟರ್ ದಪ್ಪವಾಗಿದ್ದರೆ ಎರಡು ಕೊಳವೆಗಳೂ ಪೂರ್ತಿ ಹತ್ತಿರ ಬರುವುದಿಲ್ಲ. ಕಣ್ಣುಗಳ ನಡುವಿನ ಅಂತರ ಕಡಿಮೆ ಇರುವವರಿಗೆ ಒಂದೇ ವೃತ್ತದ ಬದಲು ಎರಡು ಕಾಣುತ್ತವೆ. ಕೋಲಿನ ತುದಿಗೆ ಎಲ್ಲ ಕಡೆಗೂ ತಿರುಗುವ ಬಾಲ್ ಹೆಡ್‌ಗಿಂತ ಮೇಲೆ ಕೆಳಗೆ ಮಾತ್ರ ಬಾಗುವ ಟಿಲ್ಟ್ ಹೆಡ್ ಉತ್ತಮ. ಬಾಲ್ ಹೆಡ್ ಸಡಿಲಿಸಿದೊಡನೆ ಬೈನಾಕ್ಯುಲರ್ ಪಕ್ಕಕ್ಕೆ ವಾಲಿ ದಿಗಂತವೇ ಓರೆಯಾಗುತ್ತದೆ.

ನಿಲ್ಲುವ ಬಗೆಯಲ್ಲೇ ಅರ್ಧ ಕೆಲಸವಿದೆ. ಪಾದಗಳನ್ನು ಭುಜದಗಲ ಇಟ್ಟು, ಕೋಲಿನ ಬುಡವನ್ನು ಒಂದಡಿ ಮುಂದೆ ಊರಿ, ತುದಿಯನ್ನು ನಿಮ್ಮ ಕಡೆಗೆ ವಾಲಿಸಿ. ಕೋಲು, ಎರಡು ಕಾಲು ಸೇರಿ ಮುಕ್ಕಾಲಿಯಾಗುತ್ತದೆ. ವಾಲಿಸಿದಾಗ ಎತ್ತರ ತಗ್ಗುವುದರಿಂದ ಮೊದಲೇ ಕಣ್ಣಿಗಿಂತ ತುಸು ಮೇಲಕ್ಕೆ ಹೊಂದಿಸಿಕೊಳ್ಳಬೇಕು. ಏರಿಯ ಇಳಿಜಾರಿನಲ್ಲಿ ಬುಡ ನಿಮ್ಮ ಪಾದಕ್ಕಿಂತ ಕೆಳಗಿರುತ್ತದೆ, ಹಾಗಾಗಿ ಉದ್ದ ಇನ್ನೂ ಹೆಚ್ಚು ಬೇಕು. ಗಿಡ್ಡ ಕೋಲು ತಂದ ಎತ್ತರದವರು ಇಲ್ಲಿ ಬೆನ್ನು ಬಾಗಿಸಿ ನೋಯುತ್ತಾರೆ. ಒಂದು ಕೈ ಹೆಡ್‌ನ ಕೆಳಗೆ ಹಿಡಿದು ಮೆಲ್ಲಗೆ ಕೆಳಕ್ಕೆ ಒತ್ತಲಿ, ಇನ್ನೊಂದು ಫೋಕಸ್ ಚಕ್ರದ ಮೇಲಿರಲಿ. ಹುಬ್ಬನ್ನು ಕಣ್ಣಿಡುವ ಕಡೆಯ ಅಂಚಾದ ಐಕಪ್‌ಗೆ ತಾಗಿಸಿ. ಮೇಲೆ ಕೆಳಗಿನ ನಡುಕ ಬಹುಪಾಲು ನಿಂತುಹೋಗುತ್ತದೆ. ಪಕ್ಕದ ತೂಗಾಟ ಉಳಿಯುತ್ತದೆ, ಗಾಳಿಯಿದ್ದರಂತೂ ಹೆಚ್ಚು. ಆಗ ಮರಕ್ಕೋ ಗೋಡೆಗೋ ಒರಗಿ, ಇಲ್ಲವೆ ಕೋಲು ಗಿಡ್ಡಮಾಡಿ ಕುಳಿತು ನೋಡಿ.

ಸಾಮಾನ್ಯವಾಗಿ ಕೋಲಿನ ಮೇಲಿನ ದಪ್ಪ ಹಂತಗಳನ್ನು (ಒಂದರೊಳಗೊಂದು ಸೇರುವ ಕೊಳವೆಗಳನ್ನು) ಮೊದಲು ಎಳೆಯಬೇಕು, ತೆಳುವಾದದ್ದು ನಡುಗುತ್ತದೆ. ಆದರೆ ದಂಡೆಯ ಹಸಿ ಎರೆಮಣ್ಣಿನಲ್ಲಿ ಈ ನಿಯಮ ಬಿಡಿ: ಕಡೆಯ ಹಂತವನ್ನು ಒಂದು ಗೇಣು ಹೊರಗೆಳೆದರೆ ಅದನ್ನು ಬಿಗಿಹಿಡಿಯುವ ಲಾಕ್ ಕೆಸರಿನಿಂದ ಮೇಲಿರುತ್ತದೆ. ಹಿಂಡು ಕೋನ ಬದಲಿಸಿದಾಗ ನೆಟ್ಟ ಕೋಲನ್ನೇ ತಿರುಚಬೇಡಿ. ಬುಡವನ್ನು ಮಣ್ಣು ಹಿಡಿದುಕೊಂಡಿರುವುದರಿಂದ ತಿರುಚಿದ ಬಲವೆಲ್ಲ ಮೇಲಿನ ತಿರುಪಿಗೋ ತಿರುಗಿಸಿ ಬಿಗಿಯುವ ಟ್ವಿಸ್ಟ್ ಲಾಕಿಗೋ ಹೋಗಿ ಸಡಿಲಾಗುತ್ತದೆ. ಬುಡ ಎತ್ತಿ, ತಿರುಗಿ, ಮತ್ತೆ ಊರಿ. ತಿರುಪು ಬಿಚ್ಚಿಕೊಂಡರೂ ಬೈನಾಕ್ಯುಲರ್ ಬೀಳದಂತೆ ಅದರ ಪಟ್ಟಿ ನಿಮ್ಮ ಕೊರಳಲ್ಲೇ ಇರಲಿ.

ಹಿಂಡು ಮೇಲೆದ್ದರೆ ಕೋಲಿನ ಎತ್ತರ ಸಾಲದು. ಥಟ್ಟನೆ ಬಿಡಿಸುವ ಕ್ವಿಕ್ ರಿಲೀಸ್ ಒತ್ತಿ ಬೈನಾಕ್ಯುಲರನ್ನು ಕೈಗೆತ್ತಿಕೊಳ್ಳಿ, ಅಥವಾ ಕೋಲನ್ನು ಪೂರ್ತಿ ಕುಗ್ಗಿಸಿ ಬುಡವನ್ನು ಸೊಂಟದ ಬೆಲ್ಟಿಗೆ ಆನಿಸಿ.

ಬಿಸಿಲು ಬಲಿತ ಮೇಲೆ ನೀರಿನ ಮೇಲಿನ ಗಾಳಿಯೇ ಕುಣಿಯುತ್ತದೆ. ಆಗ ಯಾವ ಕೋಲಿನಿಂದಲೂ ಕೊರಳಪಟ್ಟಿಯ ಅಂಕಿ ಸ್ಪಷ್ಟವಾಗದು. ಪೂರ್ವ ದಂಡೆಯಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಂತು ಓದುವ ಕೆಲಸವನ್ನೆಲ್ಲ ಬೆಳಗ್ಗೆಯೇ ಮುಗಿಸಿಕೊಳ್ಳಿ. ಹಿಂದಿರುಗಿದ ದಿನವೇ ಕಡೆಯ ಹಂತ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಎರೆಮಣ್ಣು ಒಳಗೇ ಒಣಗಿದರೆ ಲಾಕ್ ಕಚ್ಚಿಕೊಳ್ಳುತ್ತದೆ.