ಕೆಸರಿದ್ದರೆ ಕೆಸರಲ್ಲೇ ನಡೆಯಿರಿ: ನಗರದ ಪಕ್ಕದ ಕಾಡಿನ ಬಗ್ಗೆ

ನಗರದ ಪಕ್ಕದ ಕಾಡು ಅಂದ ತಕ್ಷಣ ಕೆಲವರು ಮೂಗು ಮುರಿಯುತ್ತಾರೆ. ಅದೂ ಒಂದು ಕಾಡಾ, ಒಳಗೆ ನಿಂತರೆ ಹೆದ್ದಾರಿಯ ಹಾರ್ನ್ ಕೇಳುತ್ತದೆ, ಗುಡ್ಡ ಹತ್ತಿದರೆ ಎದುರಿಗೆ ಅಪಾರ್ಟ್‌ಮೆಂಟ್ ಕಾಣುತ್ತದೆ, ಚಾರಣ ಅಂದರೆ ಬ್ಯಾಗು ಹೊತ್ತು ನೆಟ್‌ವರ್ಕ್ ಇಲ್ಲದ ಕಡೆ ಹೋಗಬೇಕು ಅನ್ನುವುದು ಅವರ ವಾದ. ಹಾರ್ನೂ ನಿಜ, ಅಪಾರ್ಟ್‌ಮೆಂಟೂ ನಿಜ. ಆದರೂ ನನಗೆ ಇಂಥ ಕಾಡೇ ಜಾಸ್ತಿ ಇಷ್ಟ.

ಯಾಕೆಂದರೆ ಇಲ್ಲಿಗೆ ಮತ್ತೆ ಮತ್ತೆ ಹೋಗಬಹುದು. ದೂರದ ಕಾಡಿಗೆ ರಜೆ ಹಾಕಿ ಹೋದರೆ ಅವತ್ತು ಅಲ್ಲಿ ಏನಿತ್ತೋ ಅಷ್ಟೇ ಕಾಣುವುದು. ಮಂಜಿದ್ದರೆ ಮಂಜು, ಬಿಸಿಲಿದ್ದರೆ ಬಿಸಿಲು. ಪಕ್ಕದ ಕಾಡಿನಲ್ಲಾದರೆ ಒಂದೇ ಮರ ಎಲೆ ಉದುರಿಸುವುದನ್ನೂ ನೋಡಬಹುದು, ಚಿಗುರುವುದನ್ನೂ ನೋಡಬಹುದು. ಹಿಂದೆ ಯಾವಾಗಲೋ ದಾರಿಗೆ ಬಿದ್ದಿದ್ದ ಕೊಂಬೆಯಲ್ಲಿ ಈಗ ಅಣಬೆ ಎದ್ದಿರುತ್ತದೆ. ಇನ್ನೊಮ್ಮೆ ಹೋದಾಗ ಅದೇ ಕೊಂಬೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಇದು ಒಂದೇ ಭೇಟಿಯಲ್ಲಿ ಸಿಗುವ ನೋಟವಲ್ಲ.

ಇನ್ನು ಕಾಡು ಸಣ್ಣದು ಅನ್ನುವ ತಕರಾರು. ಬ್ರಿಟಿಷ್ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1854ರಲ್ಲಿ ಸಿಂಗಪುರಕ್ಕೆ ಬಂದಾಗ ಬುಕಿತ್ ತಿಮಾ ಗುಡ್ಡದ ಸುತ್ತಮುತ್ತ ಹುಳ ಹಿಡಿಯುತ್ತ ಓಡಾಡಿದರು. ಸುಮಾರು ಎರಡು ತಿಂಗಳಲ್ಲಿ ಅವರಿಗೆ ಸಿಕ್ಕಿದ್ದು 700 ಜಾತಿಯ ಬೀಟಲ್‌ಗಳು, ಅಂದರೆ ಬೆನ್ನ ಮೇಲೆ ಗಟ್ಟಿ ಚಿಪ್ಪಿರುವ ಹುಳಗಳು. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದು ಚದರ ಮೈಲಿಯೂ ದಾಟದ ಕಾಡಿನ ತುಂಡಿನಲ್ಲಿ ಸಿಕ್ಕಿದ್ದವು. ಅಲ್ಲಿ ಮರ ಕಡಿಯುವ ಕೂಲಿಯವರಿದ್ದರು, ಅವರು ಬಿಟ್ಟುಹೋದ ತೊಗಟೆ, ಗರಗಸದ ಹೊಟ್ಟು, ಕೊಳೆಯುವ ದಿಮ್ಮಿಯೇ ಹುಳದ ಮರಿಗಳಿಗೆ ಮೇವಾಗಿತ್ತು ಅಂತ ವಾಲೇಸ್ ಅವರೇ ಬರೆದಿದ್ದಾರೆ. ಅಂದರೆ ಆ ಕಾಡೂ ಯಾರೂ ಮುಟ್ಟದ ಕಾಡೇನಲ್ಲ.

ಯಾರೂ ಮುಟ್ಟದ ಕಾಡು ನಗರದ ಪಕ್ಕ ಸಿಗುವುದು ಅಪರೂಪ. ಅದಕ್ಕೇ ಹೊಸ ಕಾಡಿಗೆ ಹೋದಾಗ ನನ್ನ ಮೊದಲ ಪ್ರಶ್ನೆ ಇದು: ಸುತ್ತಲೂ ಎಲ್ಲ ಸೈಟಾಗಿರುವಾಗ ಇದೊಂದು ಹೇಗೆ ಉಳಿಯಿತು? ಏನೋ ಒಂದು ಕಾರಣ ಇದ್ದೇ ಇರುತ್ತದೆ. ಮನೆ ಕಟ್ಟಲಾಗದಷ್ಟು ಕಡಿದಾದ ಗುಡ್ಡ ಇರಬಹುದು. ರಾಜರ ಬೇಟೆಯ ಜಾಗ ಆಗಿರಬಹುದು. ಪ್ಯಾರಿಸ್ ಹತ್ತಿರದ ಫಾಂಟೆನ್‌ಬ್ಲೋ ಕಾಡು ಹಾಗೆ ಉಳಿದದ್ದು. ಎಷ್ಟೋ ಕಡೆ ನೀರೇ ಕಾರಣ. ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ ತುಳಸಿ, ವಿಹಾರ್ ಅನ್ನುವ ಎರಡು ಕೆರೆಗಳಿವೆ. ಎರಡೂ ನಗರಕ್ಕೆ ಕುಡಿಯುವ ನೀರು ಕೊಡುತ್ತವೆ. ಸುಮಾರು 100 ಚದರ ಕಿಲೋಮೀಟರ್ ಕಾಡು, ಅದರಲ್ಲಿ ಚಿರತೆಗಳು, ಸುತ್ತಲೂ ಮುಂಬೈ.

ರಿಯೋ ಡಿ ಜನೈರೋದ ಟಿಜುಕಾ ಕಾಡಿನ ಕಥೆ ಇನ್ನೂ ಸ್ವಾರಸ್ಯದ್ದು. ಕಾಫಿ ತೋಟಕ್ಕಾಗಿ ಗುಡ್ಡಗಳನ್ನು ಬೋಳಿಸಿದರು, ನಗರಕ್ಕೆ ನೀರು ತರುತ್ತಿದ್ದ ಊಟೆಗಳು ಸೊರಗಿದವು. ಆಮೇಲೆ ಗಾಬರಿಬಿದ್ದು 1861ರಲ್ಲಿ ಮರ ನೆಡುವ ಕೆಲಸ ಶುರುಮಾಡಿದರು. ಶುರುವಿನಲ್ಲಿ ಆ ಕೆಲಸ ಮಾಡಿದವರು ಗುಲಾಮರು. ಈಗ ಒಳಗೆ ನಿಂತವರಿಗೆ ಅದು ಕೈಯಾರೆ ನೆಟ್ಟ ಕಾಡು ಅಂತ ಅನ್ನಿಸುವುದೇ ಇಲ್ಲ. ಇಂಥ ಹಿನ್ನೆಲೆ ಗೊತ್ತಿದ್ದರೆ ನಡೆಯುವಾಗ ಕಣ್ಣು ಬೇರೆಯದೇ ಹುಡುಕುತ್ತದೆ. ಸಾಲು ಹಿಡಿದು ನಿಂತ ಒಂದೇ ವಯಸ್ಸಿನ ಮರಗಳು, ಪೊದೆಯೊಳಗೆ ಮುರಿದ ಗೋಡೆ, ಯಾರೋ ಬಿಟ್ಟುಹೋದ ಮೆಟ್ಟಿಲು ಮೆಟ್ಟಿಲಾದ ಗದ್ದೆಯ ಗುರುತು.

ಈಗ ನಡೆಯುವ ವಿಷಯ. ಗೇಟಿನಿಂದ ಮೊದಲ ಅರ್ಧ ಗಂಟೆಯ ದಾರಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಜನರೆಲ್ಲ ಅಲ್ಲೇ ಇರುತ್ತಾರೆ, ಫೋಟೋ, ಕೂಗಾಟ, ಎಲ್ಲ ಅಲ್ಲೇ. ಅಲ್ಲಿಂದ ಮುಂದೆ ಹೋದರೆ ಒಂದು ತಿರುವಿನಾಚೆ ಇದ್ದಕ್ಕಿದ್ದಂತೆ ಯಾರೂ ಇರುವುದಿಲ್ಲ. ದಾರಿಗೆ ಅಡ್ಡವಾಗಿ ಕಟ್ಟಿದ ಜೇಡರಬಲೆ ಮುಖಕ್ಕೆ ತಾಕಿತು ಅಂದರೆ ಖುಷಿಪಡಿ, ಇವತ್ತು ಆ ದಾರಿಯಲ್ಲಿ ಬಂದ ಮೊದಲಿಗರು ನೀವೇ. ಅಲ್ಲಿ ನಿಲ್ಲಿ. ಸುಮ್ನೆ ನಿಲ್ಲಿ. ನಾವು ನಡೆಯುವಾಗ ನಮ್ಮ ಕಾಲಡಿಯ ತರಗೆಲೆಯ ಸದ್ದೇ ನಮಗೆ ಬೇರೇನೂ ಕೇಳಿಸದ ಹಾಗೆ ಮಾಡುತ್ತದೆ.

ಬೆಳಗಿನ ಜಾವ ಹೋದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಹಕ್ಕಿಗಳು ಜಾಸ್ತಿ ಹಾಡುವುದು ಆಗಲೇ, ರಸ್ತೆಯ ಗದ್ದಲವೂ ಆಗ ಕಡಿಮೆ. ಆ ಗದ್ದಲಕ್ಕೂ ಹಾಡಿಗೂ ಸಂಬಂಧ ಇದೆ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗ್ರೇಟ್ ಟಿಟ್ ಅನ್ನುವ ಪುಟ್ಟ ಹಕ್ಕಿಯ ಹಾಡನ್ನು ರೆಕಾರ್ಡ್ ಮಾಡಿ ನೋಡಿದರು. ಗದ್ದಲ ಇರುವ ಜಾಗದ ಹಕ್ಕಿಗಳು ತಗ್ಗು ಸ್ವರಗಳನ್ನು ಬಿಟ್ಟು ಮೇಲಿನ ಸ್ವರದಲ್ಲಿ ಹಾಡುತ್ತಿದ್ದವು. 2003ರಲ್ಲಿ ಇದು ಪ್ರಕಟವಾಯಿತು. ವಾಹನಗಳ ಗುಂಯ್ ಸದ್ದು ತಗ್ಗಿನದು, ಅದರಲ್ಲಿ ಮುಳುಗಿಹೋಗದಿರಲು ಹಕ್ಕಿ ದನಿ ಏರಿಸುತ್ತದೆ. ಹೆದ್ದಾರಿ ಪಕ್ಕದಲ್ಲೇ ಇರುವ ಕಾಡಿನಲ್ಲಿ ನಡೆಯುವಾಗೆಲ್ಲ ನನಗೆ ಇದು ನೆನಪಾಗಿ ಸ್ವಲ್ಪ ಸಂಕಟವಾಗುತ್ತದೆ.

"ಹೋದೆವು, ಒಂದು ಪ್ರಾಣಿಯೂ ಕಾಣಲಿಲ್ಲ" ಅನ್ನುವವರು ಬಹಳ. ಪ್ರಾಣಿಗಳು ಇವೆ, ನಾವು ಇಲ್ಲದ ಹೊತ್ತಿಗೆ ಬರುತ್ತವೆ. ಬೇರೆ ಬೇರೆ ಖಂಡಗಳ 62 ಜಾತಿಯ ಸಸ್ತನಿಗಳ ಬಗ್ಗೆ ಆಗಿದ್ದ ಅಧ್ಯಯನಗಳನ್ನು ಒಟ್ಟುಮಾಡಿ 2018ರಲ್ಲಿ ಒಂದು ಲೆಕ್ಕ ಬಂತು. ಅದರ ಪ್ರಕಾರ ಹಗಲು ಅರ್ಧ, ರಾತ್ರಿ ಅರ್ಧ ಓಡಾಡುತ್ತಿದ್ದ ಪ್ರಾಣಿ, ಜನರ ಓಡಾಟ ಜಾಸ್ತಿ ಇರುವ ಕಡೆ ತನ್ನ ಓಡಾಟದಲ್ಲಿ ಶೇಕಡಾ 68ರಷ್ಟನ್ನು ರಾತ್ರಿಯೇ ಮಾಡುತ್ತದೆ. ಬೇಟೆಗಾರರಿಗೆ ಹೆದರಿ ಮಾತ್ರ ಅಲ್ಲ. ನಮ್ಮ ಹಾಗೆ ಸುಮ್ನೆ ನಡೆದುಹೋಗುವವರಿಗೂ ಅವು ಹಾಗೇ ಹೆದರುತ್ತವೆ. ಹಾಗಾಗಿ ಪ್ರಾಣಿಯನ್ನು ಹುಡುಕುವ ಬದಲು ಅದರ ಗುರುತು ಹುಡುಕಿ. ಮೆತ್ತಗಿನ ಮಣ್ಣಿನ ಮೇಲೆ ಹೆಜ್ಜೆ, ತೊಗಟೆಯ ಮೇಲೆ ಉಗುರಿನ ಗೀರು, ಕೆದರಿದ ತರಗೆಲೆ, ದಾರಿಯ ನಡುವೆ ಹಾಕಿದ ಹಿಕ್ಕೆ. ಹಿಕ್ಕೆಯಲ್ಲಿ ಬೀಜಗಳಿದ್ದರೆ ಹಣ್ಣು ತಿಂದಿದೆ, ಕೂದಲಿದ್ದರೆ ಇನ್ನೊಂದು ಪ್ರಾಣಿಯನ್ನು ತಿಂದಿದೆ. ನನ್ನ ಜೊತೆ ಬಂದವರಿಗೆ ನಾನು ಮೊಣಕಾಲೂರಿ ಹಿಕ್ಕೆ ನೋಡುವುದು ಮುಜುಗರ. ಇರಲಿ ಬಿಡಿ.

ನಾಯಿಗಳ ಬಗ್ಗೆಯೂ ಒಂದು ಮಾತು, ಬೈಸಿಕೊಳ್ಳುತ್ತೇನೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. "ನಮ್ಮ ನಾಯಿ ಯಾರಿಗೂ ಏನೂ ಮಾಡಲ್ಲ" ಅನ್ನುವುದು ಮನುಷ್ಯರ ಮಟ್ಟಿಗೆ ಸರಿ. ಸಿಡ್ನಿ ನಗರದ ಅಂಚಿನ ಕಾಡುಗಳಲ್ಲಿ ನಡೆಸಿದ ಒಂದು ಪ್ರಯೋಗ 2007ರಲ್ಲಿ ಪ್ರಕಟವಾಯಿತು. ನಾಯಿಯನ್ನು ಸರಪಳಿಯಲ್ಲೇ ಹಿಡಿದು ನಡೆದರೂ ಆ ದಾರಿಯಲ್ಲಿ ಕಾಣುವ ಹಕ್ಕಿಗಳ ಸಂಖ್ಯೆ ಶೇಕಡಾ 41ರಷ್ಟು ಕಡಿಮೆಯಾಯಿತು, ಜಾತಿಗಳು ಶೇಕಡಾ 35ರಷ್ಟು ಕಡಿಮೆಯಾದವು. ಬರೀ ಮನುಷ್ಯರು ನಡೆದಾಗ ಅಷ್ಟು ತೊಂದರೆ ಆಗಲಿಲ್ಲ. ನಾಯಿ ತರಬೇಡಿ ಅಂದ ಕಡೆ ನಾಯಿಯನ್ನು ಒಳಗೆ ಒಯ್ಯಬೇಡಿ, ಅಷ್ಟೇ. ಸ್ಪೀಕರ್‌ನಲ್ಲಿ ಹಾಡು ಹಾಕಿಕೊಂಡು ನಡೆಯುವವರ ಬಗ್ಗೆ ಬರೆಯಲು ಕೂತರೆ ನನ್ನ ಭಾಷೆ ಕೆಡುತ್ತದೆ, ಅದನ್ನು ಬಿಡುತ್ತೇನೆ.

ತಯಾರಿಗೆ ದೊಡ್ಡ ಪಟ್ಟಿ ಬೇಡ. ತಳ ಹಿಡಿತ ಇರುವ ಶೂ, ಮೈಮುಚ್ಚುವ ಪ್ಯಾಂಟು, ಬೇಕು ಅನ್ನಿಸಿದ್ದಕ್ಕಿಂತ ಜಾಸ್ತಿ ನೀರು. ವಾಪಸ್ ಬಂದ ಮೇಲೆ ಉಣ್ಣಿ ಹತ್ತಿದೆಯಾ ಅಂತ ಕಿವಿಯ ಹಿಂದೆ, ಮಂಡಿಯ ಹಿಂದೆ ನೋಡಿಕೊಳ್ಳಿ. ಜೋರು ಗಾಳಿ ಇದ್ದ ದಿನ ಹೋಗಬೇಡಿ, ಒಣಕೊಂಬೆ ಬೀಳುವುದು ಆಗಲೇ. ಇನ್ನೊಂದು, ಪಕ್ಕದಲ್ಲೇ ಊರಿದೆ, ದಾರಿ ಹೇಗೆ ತಪ್ಪುತ್ತದೆ ಅಂತ ಅಂದುಕೊಳ್ಳಬೇಡಿ. ಜನ ಮಾಡಿಕೊಂಡ ಒಳದಾರಿಗಳು ಇಂಥ ಕಾಡಿನಲ್ಲೇ ಜಾಸ್ತಿ, ಎಲ್ಲ ಒಂದೇ ಥರ ಕಾಣುತ್ತವೆ, ಮರದಡಿ ಕತ್ತಲೆ ಹೊರಗಿನದಕ್ಕಿಂತ ಬೇಗ ಬರುತ್ತದೆ. ಎತ್ತ ಹೋಗುತ್ತಿದ್ದೀರಿ ಅಂತ ಮನೆಯಲ್ಲಿ ಹೇಳಿ ಹೋಗಿ.

ಈ ಒಳದಾರಿಗಳದ್ದೇ ನನ್ನ ನಿಜವಾದ ತಕರಾರು. ಒಂದು ಕಡೆ ದಾರಿಯಲ್ಲಿ ಕೆಸರಾಗುತ್ತದೆ. ಯಾರೋ ಒಬ್ಬರು ಶೂ ಕೊಳೆಯಾಗಬಾರದು ಅಂತ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಮುಂದಿನವರು ಅದರ ಮೇಲೇ, ಅದೂ ಕೆಸರಾದ ಮೇಲೆ ಇನ್ನೂ ಸ್ವಲ್ಪ ಆಚೆ. ಹೀಗೇ ಒಬ್ಬರು ನಡೆಯುವಷ್ಟಿದ್ದ ಕಾಲುದಾರಿ ಜೀಪು ಹೋಗುವಷ್ಟು ಅಗಲವಾಗುತ್ತದೆ. ಗುಡ್ಡದಲ್ಲಿ ಬೇರೆ ಥರ. ದಾರಿಯನ್ನು ಅಡ್ಡಡ್ಡವಾಗಿ, ತಿರುವು ಹಾಕಿಕೊಂಡು ಮಾಡಿರುವುದು ಮಳೆನೀರು ನೇರ ಓಡಬಾರದು ಅಂತ. ಅವಸರದವರು ಎರಡು ತಿರುವುಗಳ ನಡುವೆ ನೇರ ಇಳಿಯುತ್ತಾರೆ. ಆ ಗೀಟಿನಲ್ಲಿ ಮೊದಲ ಮಳೆಗೆ ನೀರು ಹರಿಯುತ್ತದೆ, ಮಣ್ಣು ತೊಳೆದುಹೋಗುತ್ತದೆ, ಬೇರು ಎದ್ದು ಕಾಣುತ್ತದೆ, ಕೊನೆಗೆ ಅದು ಕೊರಕಲಾಗುತ್ತದೆ.

ಒಬ್ಬನ ಕಾಲಿನಿಂದ ಏನು ಮಹಾ ಆಗುತ್ತದೆ ಅಂತ ಅನ್ನಿಸುತ್ತದೆ ಅಲ್ವಾ? ಕಾಡಿನ ದಾರಿಗಳ ಮೇಲೆ ಕೆಲಸ ಮಾಡಿದವರು ಕಂಡುಕೊಂಡಿದ್ದು ಇದಕ್ಕೆ ಉಲ್ಟಾ. ಯಾರೂ ತುಳಿಯದ ನೆಲಕ್ಕೆ ಜಾಸ್ತಿ ಹಾನಿ ಮಾಡುವುದು ಮೊದಮೊದಲ ಹೆಜ್ಜೆಗಳೇ. ಮೆತ್ತಗಿನ ಗಿಡಗಳು ಆಗಲೇ ಸಾಯುತ್ತವೆ, ಮಣ್ಣಿನೊಳಗೆ ಗಾಳಿಗೂ ನೀರಿಗೂ ಇದ್ದ ಸಂದುಗಳು ಆಗಲೇ ಅದುಮಿಹೋಗುತ್ತವೆ. ಮರದ ಬೇರುಗಳಲ್ಲಿ ಬಹುಪಾಲು ಇರುವುದೂ ಮೇಲಿನ ಆ ಮಣ್ಣಿನಲ್ಲೇ. ಆದರೆ ಆಗಲೇ ಗಟ್ಟಿಯಾಗಿರುವ ದಾರಿಯ ಮೇಲೆ ಹತ್ತು ಜನರ ಬದಲು ನೂರು ಜನ ನಡೆದರೆ ಹೊಸದಾಗಿ ಆಗುವ ಹಾನಿ ಅಷ್ಟೇನಿಲ್ಲ. ಅದಕ್ಕೇ "ಚದುರಿಕೊಂಡು ನಡೆದರೆ ಕಾಡಿಗೆ ಭಾರ ಕಡಿಮೆ" ಅನ್ನುವ ಮಾತು ಜನ ಜಾಸ್ತಿ ಬರುವ ಕಾಡಿನಲ್ಲಿ ತಪ್ಪು. ಎಲ್ಲರೂ ಒಂದೇ ದಾರಿಯನ್ನು ಹಾಳುಮಾಡುವುದೇ ಸರಿ. ಕೆಸರಿದ್ದರೆ ಕೆಸರಿನ ನಡುವೆಯೇ ಹೋಗಿ. ಶೂ ತೊಳೆಯಬಹುದು.

ವಾಲೇಸ್ ಹುಳ ಹಿಡಿದ ಬುಕಿತ್ ತಿಮಾವನ್ನೇ ತೆಗೆದುಕೊಳ್ಳಿ. ಈಗ ಅದು ಕಟ್ಟಡಗಳ ನಡುವಿನ ಸಂರಕ್ಷಿತ ಕಾಡು, ತುದಿಯ ಎತ್ತರ 163 ಮೀಟರ್‌ನಷ್ಟೇ, ಬರುವವರು ಲೆಕ್ಕವಿಲ್ಲದಷ್ಟು. ದಾರಿಗಳು ಸವೆದು, ಇಳಿಜಾರು ಕುಸಿಯುವಂತಾಗಿ 2014ರಲ್ಲಿ ಅದನ್ನು ದುರಸ್ತಿಗೆ ಮುಚ್ಚಿದರು. ಮೊದಲು ಪೂರ್ತಿ ಬಂದ್, ಆಮೇಲೆ ವಾರದ ಕೊನೆಯಲ್ಲಿ ಮಾತ್ರ ಸ್ವಲ್ಪ ಭಾಗ. ಪೂರ್ತಿ ತೆರೆದದ್ದು 2016ರಲ್ಲಿ. ಕೆಲವು ಕಡೆ ನೆಲಕ್ಕೆ ತಾಗದಂತೆ ಹಲಗೆಯ ದಾರಿ ಮಾಡಿದರು.

ಅದೇ ಶೂವಿಗೆ ಅಂಟಿದ ಮಣ್ಣಿನ ವಿಷಯವೂ ಇದೆ, ಇದನ್ನು ಯಾರೂ ಯೋಚಿಸುವುದಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಪಶ್ಚಿಮಕ್ಕೆ ವೈಟಾಕೆರೆ ಬೆಟ್ಟಗಳ ಕಾಡಿದೆ. ಅಲ್ಲಿ ಕೌರಿ ಅನ್ನುವ ಭಾರಿ ಮರಗಳು, ನೂರಾರು ವರ್ಷ ಬದುಕುವಂಥವು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ ಅವುಗಳ ಬೇರು ಕೊಳೆಸಿ ಮರವನ್ನೇ ಕೊಲ್ಲುತ್ತದೆ. ಅದು ಒಂದು ಮರದಿಂದ ಇನ್ನೊಂದಕ್ಕೆ ಹೋಗಲು ನಮ್ಮ ಶೂವಿಗೆ ಅಂಟಿದ ಚಿಟಿಕೆ ಮಣ್ಣು ಸಾಕು. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಸಮುದಾಯ ಮೊದಲು ಜನ ಒಳಗೆ ಬರಬಾರದು ಅಂತ ತನ್ನ ಸಂಪ್ರದಾಯದ ಪ್ರಕಾರ ನಿರ್ಬಂಧ ಹಾಕಿತು. 2018ರಲ್ಲಿ ನಗರಾಡಳಿತವೂ ಕಾಡಿನ ಬಹುಪಾಲು ದಾರಿಗಳನ್ನು ಮುಚ್ಚಿತು. ದಾರಿಗಳನ್ನು ಸರಿಮಾಡಿದ ಹಾಗೆಲ್ಲ ಒಂದೊಂದಾಗಿ ತೆರೆದರು. ಒಳಗೆ ಹೋಗುವಾಗಲೂ ಬರುವಾಗಲೂ ನಿಂತು ಶೂವಿನ ತಳ ಉಜ್ಜಿ, ಔಷಧ ಸಿಂಪಡಿಸಿಕೊಂಡು ಹೋಗಬೇಕು.

ಆ ರೋಗ ನಮ್ಮ ನಮ್ಮ ಕಾಡಿನಲ್ಲಿ ಇಲ್ಲದಿರಬಹುದು, ಆದರೆ ಕಳೆಗಿಡಗಳ ಬೀಜಗಳೂ ಹೀಗೇ ಶೂವಿನ ಸಂದಿನಲ್ಲಿ, ಪ್ಯಾಂಟಿನ ಮಡಿಕೆಯಲ್ಲಿ ಒಂದು ಕಾಡಿನಿಂದ ಇನ್ನೊಂದಕ್ಕೆ ಪ್ರಯಾಣ ಮಾಡುತ್ತವೆ. ಗಾಡಿಯಲ್ಲಿ ಒಂದು ಹಳೆಯ ಬ್ರಷ್ ಇಟ್ಟುಕೊಳ್ಳಿ. ಹೊರಗೆ ಬಂದ ಮೇಲೆ, ಅಲ್ಲೇ ಗೇಟಿನ ಹತ್ತಿರ, ತಳ ಕೆರೆದು ಆ ಕಾಡಿನ ಮಣ್ಣನ್ನು ಅಲ್ಲೇ ಬಿಟ್ಟು ಬನ್ನಿ.